ಇಪ್ಪತ್ತೊಂಬತ್ತು ಉದ್ಯಮಿಗಳು

ಡಾಬಕಾ, ತಾ. ಔರಾದ
11 ಜೂನ್ 2024

ಪ್ರಮಿಲಾ ಮೇಡಂ ಅವರಿಗೆ,

ನಮಸ್ಕಾರ. ನಾನು ಸಿದ್ದೇಶ್ವರಿ, ಡಾಬಕಾದ ಕುರಿಗಾರ ಧೊಂಡಿಬಾನ ಮಗಳು. ಹೋದ ವರ್ಷ ಬೀದರಿನ ನಿಮ್ಮ ಉದ್ಯಮ ತರಬೇತಿ ಕೇಂದ್ರದಲ್ಲಿ ಆರು ತಿಂಗಳು ನಿಮ್ಮ ಕೈಕೆಳಗೆ ಕಲಿತವಳು. ಎಂಟು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬರೆಯೋಣವೆಂದರೆ ಅಲ್ಲಿ ಕೇಂದ್ರದವರು ಮಾತ್ರ ಬರೆಯುವಂತೆ ಮಾಡಿಟ್ಟಿದ್ದೀರಿ. ಅದಕ್ಕೇ ಈ ಕಾಗದವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಚಳ್ಳಕೆರೆ ಕಡೆ ಉಣ್ಣೆ ಹದ ಮಾಡುವುದನ್ನೂ ಕಂಬಳಿ ನೇಯುವುದನ್ನೂ ಒಂಬತ್ತು ತಿಂಗಳು ಅಲ್ಲೇ ಇಟ್ಟುಕೊಂಡು ಕಲಿಸುವ ತರಬೇತಿ ಇದೆ. ನಮ್ಮಲ್ಲಿ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಕೇಳುವವರೇ ಇಲ್ಲ. ಅಪ್ಪ ಅದನ್ನು ಚೀಲಕ್ಕೆ ತುಂಬಿ ಹಳ್ಳಕ್ಕೆ ಸುರಿದು ಬರುತ್ತಾನೆ. ನಿಮ್ಮ ಕೇಂದ್ರದಲ್ಲಿ ನಾನು ಕಂಬಳಿ ವ್ಯಾಪಾರದ ಯೋಜನೆ ಬರೆದೆ, ಮೊದಲ ಬಹುಮಾನ ಕೊಟ್ಟಿರಿ. ಆದರೆ ಮಗ್ಗವನ್ನು ನಾನು ಇವತ್ತಿಗೂ ಕೈಯಿಂದ ಮುಟ್ಟಿಲ್ಲ. ಅದಕ್ಕೆ ಆ ತರಬೇತಿಗೆ ಅರ್ಜಿ ಹಾಕಲು ಮೊನ್ನೆ ಏಳನೇ ತಾರೀಖು ಔರಾದಿಗೆ ಹೋದೆ. ಅರ್ಜಿ ತುಂಬಿಕೊಡುವ ಅಬ್ದುಲ ಸಮದ ಅವರು ಕಂಪ್ಯೂಟರ್ ನೋಡಿ, “ನಿನ್ನ ಹೆಸರು ಮೊದಲೇ ಅದ ನೋಡವ್ವ. ನೀ ದುಕಾನ ಇಟ್ಟೀದಿ ಅಂತ ಅದ. ದುಕಾನ ಇದ್ದೋರಿಗಿ ಈ ಟ್ರೇನಿಂಗ್ ಸಿಗಂಗಿಲ್ಲ” ಅಂದರು.

ಪರದೆಯಲ್ಲಿ ‘ಸಿದ್ದೇಶ್ವರಿ ಕಂಬಳಿ ಕೇಂದ್ರ, ಡಾಬಕಾ, ಯಶಸ್ವಿ ಉದ್ಯಮಿ’ ಎಂದಿತ್ತು. ಅಂಗಡಿಯ ಮುಂದೆ ನಾನು ನಿಂತ ಫೋಟೋ ಇತ್ತು. ಅದು ಬಗದಲ್‌ನಲ್ಲಿ ಹಮೀದುನ್ನಿಸಾ ಅವರ ಹೊಲಿಗೆ ಅಂಗಡಿ. ಪ್ರವಾಸಕ್ಕೆ ಕರೆದೊಯ್ದ ದಿನ ನೀವೇ ನಮ್ಮನ್ನು ಒಬ್ಬೊಬ್ಬರನ್ನಾಗಿ ಆ ಬಾಗಿಲ ಮುಂದೆ ನಿಲ್ಲಿಸಿದ್ದಿರಿ. ನೆನಪಿಗೆ ತೆಗೆಯುತ್ತಿದ್ದೀರಿ ಎಂದುಕೊಂಡಿದ್ದೆ. ಇದು ಹೇಗೆ ಆಯಿತೋ ನನಗೆ ಏನೇನೂ ಗೊತ್ತಿಲ್ಲ.

ಆ ತರಬೇತಿಗೆ ಇಪ್ಪತ್ತಮೂರು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ನನಗೆ ಬರುವ ಮಾರ್ಚಿಗೆ ತುಂಬುತ್ತದೆ. ಆಗಸ್ಟಿನದೊಂದು, ಜನವರಿಯದೊಂದು, ಎರಡೇ ಸರದಿ ಉಳಿದಿವೆ. ಇಲ್ಲದ ಅಂಗಡಿಯನ್ನು ನನ್ನ ಹೆಸರಿನಿಂದ ತೆಗೆಸಿ. ನಾನು ಕೇಳುವುದು ಇಷ್ಟೇ.

ನಿಮ್ಮ ವಿದ್ಯಾರ್ಥಿನಿ,
ಸಿದ್ದೇಶ್ವರಿ


ಬೀದರ
24 ಜೂನ್ 2024

ಪ್ರೀತಿಯ ಸಿದ್ದೇಶ್ವರಿ,

ಆಶೀರ್ವಾದಗಳು. ನಿನ್ನ ಕಾಗದ ಓದಿ ಸಂತೋಷವಾಯಿತು. ಅಕ್ಷರ ಈಗಲೂ ಎಷ್ಟು ದುಂಡಗಿದೆ. ತರಬೇತಿ ಮುಗಿದು ಇಷ್ಟು ದಿನವಾದರೂ ಕಲಿಯುವ ಹಸಿವು ಇಟ್ಟುಕೊಂಡಿರುವುದು ದೊಡ್ಡ ಗುಣ.

ನೀನು ಹೇಳುವುದು ಕಂಪ್ಯೂಟರಿನಲ್ಲಿ ಆಗಿರುವ ಸಣ್ಣ ತಾಂತ್ರಿಕ ತಪ್ಪು ಇರಬಹುದು. ಇಂಥವು ನಮ್ಮ ಕೈಯಲ್ಲಿರುವುದಿಲ್ಲ, ಮೇಲಿನಿಂದ ಸರಿಯಾಗಬೇಕು, ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನಾನೊಂದು ಮಾತು ಹೇಳಲೇ ಬೇಟಾ? ಅಂಗಡಿ ಇನ್ನೂ ತೆರೆದಿಲ್ಲವೆಂಬ ಸಂಕೋಚ ನಿನ್ನನ್ನು ಕಾಡುತ್ತಿದೆ. ಆದರೆ ದಾಖಲೆಯಲ್ಲಿ ಹೆಸರು ಬಂದಿರುವುದನ್ನು ಶುಭವೆಂದು ತಿಳಿ. ನಿಮ್ಮ ಹಟ್ಟಿಯ ಮುಂದೆ ಒಂದು ಬೋರ್ಡು ಹಾಕಿಕೋ, ನಾಲ್ಕು ಕಂಬಳಿ ಇಟ್ಟುಕೋ, ಶುರುವಾಯಿತು. ಆಗ ಕಾಗದದಲ್ಲಿ ಇರುವುದೇ ನಿಜವಾಗುತ್ತದೆ. ಇನ್ನೊಂದು ತರಬೇತಿಯ ಹಿಂದೆ ಓಡುವುದರಲ್ಲಿ ವಯಸ್ಸು ಕಳೆಯಬೇಡ.

ತಿಂಗಳ ಕೊನೆಗೆ ನಮ್ಮ ಕೇಂದ್ರದ ಕೌಶಿಕ ಔರಾದ ಕಡೆ ಬರುತ್ತಾನೆ. ಸ್ವಲ್ಪ ಸಹಕರಿಸು. ತಪಾಸಣೆಯ ಸಮಯ, ಒಂದೇ ದಿನದ ಮಾತು.

ಮನೆಯವರಿಗೆಲ್ಲ ನಮಸ್ಕಾರ ತಿಳಿಸು.

ನಿನ್ನ ಮೇಡಂ,
ಪ್ರಮಿಲಾ


ಡಾಬಕಾ
3 ಜುಲೈ 2024

ಮೇಡಂ,

ನಿಮ್ಮ ಕೌಶಿಕ ಬಂದಿದ್ದ. ನಾನು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ, ಅವ್ವ ಹೊಲದಲ್ಲಿದ್ದಳು, ಅಪ್ಪ ಒಬ್ಬನೇ ಮನೆಯಲ್ಲಿದ್ದ. ನಾನು ಹಿಟ್ಟಿನ ಡಬ್ಬಿ ಹೊತ್ತು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುರಿ ದೊಡ್ಡಿಯ ಮುಂದೆ ನನ್ನ ಹೆಸರಿನ ಬೋರ್ಡು. ಅಜ್ಜ ನೇಯಿಸಿಟ್ಟ ಎರಡು ಹಳೆಯ ಕಂಬಳಿಗಳನ್ನು ಅಪ್ಪ ಪೆಟ್ಟಿಗೆಯಿಂದ ತೆಗೆದು ಹಗ್ಗದ ಮೇಲೆ ಹರವಿದ್ದ. ತಾನು ತಲೆಗೆ ಪಟಗ ಸುತ್ತಿಕೊಂಡು ಪಕ್ಕಕ್ಕೆ ನಿಂತಿದ್ದ. ಕೌಶಿಕ ಫೋಟೋ ತೆಗೆದು, ಮೋಟರ್ ಸೈಕಲ್ ಹತ್ತಿ ಹೋಗಿಯೇ ಬಿಟ್ಟಿದ್ದ.

ಅಪ್ಪನಿಗೆ ಓದಲು ಬರುವುದಿಲ್ಲ ಮೇಡಂ. ನನ್ನನ್ನು ಕಂಡವನೇ, “ನಿನ್ನ ದುಕಾನ ಮಂಜೂರ ಆಗ್ಯಾದ ಅಂತ. ಸಾಹೇಬ ತಾನೇ ಬಂದು ಬೋರ್ಡ ಕಟ್ಟಿ ಹೋದ” ಅಂದ. ಅಷ್ಟರಲ್ಲಿ ಓಣಿಯ ನಾಲ್ಕು ಮನೆಗೆ ಹೇಳಿ ಬಂದಿದ್ದ. ಇಬ್ಬರು ಹೆಂಗಸರು ಕಂಬಳಿ ಯಾವಾಗ ಸಿಗುತ್ತವೆಂದು ಕೇಳಲು ಬಂದು ಕೂತಿದ್ದರು. ಅವರ ಮುಂದೆಯೇ ನಾನು ಅಪ್ಪನಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಟಗ ಬಿಚ್ಚಿ ಗೂಟಕ್ಕೆ ಹಾಕಿದ, ತಾನೇ ಏಣಿ ಇಟ್ಟು ಬೋರ್ಡು ಬಿಚ್ಚಿದ. ಆ ದಿನ ರೊಟ್ಟಿ ಮುಟ್ಟಲಿಲ್ಲ.

ಕಾಗದದಲ್ಲಿರುವುದನ್ನು ನಿಜ ಮಾಡು ಅಂದಿರಿ. ನೇಯಲು ಬಾರದವಳು ಏನನ್ನು ನೇಯಬೇಕು? ನೀವು ಆರು ತಿಂಗಳು ನನಗೆ ಮಾರುವುದನ್ನು ಕಲಿಸಿದಿರಿ. ಮಾರುವ ವಸ್ತು ನನ್ನ ಕೈಯಿಂದ ಹುಟ್ಟಬೇಕಲ್ಲ. ಅದನ್ನು ಕಲಿಯಲು ಹೊರಟರೆ ನಿಮ್ಮ ಸುಳ್ಳು ಬಾಗಿಲಲ್ಲಿ ಅಡ್ಡ ಕೂತಿದೆ. ಅದನ್ನು ನೀವು ಶುಭ ಅನ್ನುತ್ತೀರಿ. ಬೋರ್ಡು ಹಾಕಿಕೋ ಎಂದು ನೀವು ಬರೆದ ಐದನೇ ದಿನಕ್ಕೆ ಬೋರ್ಡು ಬಂತು. ಇದು ಕಂಪ್ಯೂಟರಿನ ತಪ್ಪಲ್ಲ, ಅಷ್ಟು ನನಗೂ ತಿಳಿಯುತ್ತದೆ.

ಅರ್ಜಿಗೆ ಕೊನೆಯ ದಿನ ಆಗಸ್ಟ್ ಹತ್ತು. ಉತ್ತರ ಬರೆಯಿರಿ.

ಸಿದ್ದೇಶ್ವರಿ


ಡಾಬಕಾ
29 ಆಗಸ್ಟ್ 2024

ಪ್ರಮಿಲಾ ಮೇಡಂ,

ನೀವು ಉತ್ತರ ಬರೆಯಲಿಲ್ಲ. ಆಗಸ್ಟ್ ಹತ್ತು ಬಂದು ಹೋಯಿತು. ಒಂದು ಸರದಿ ತಪ್ಪಿತು.

ನಾನು ಸುಮ್ಮನೆ ಕೂತಿರಲಿಲ್ಲ. ಜುಲೈನಲ್ಲೇ ಅಬ್ದುಲ ಸಮದ ಅವರನ್ನು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹೋದ ವಾರ ನಮ್ಮ ಬ್ಯಾಚಿನ ಪೂರ್ತಿ ದಾಖಲೆ ಬಂತು. ನಾವು ಮೂವತ್ತೆರಡು ಜನ ಕಲಿತೆವು. ಅದರಲ್ಲಿ ಇಪ್ಪತ್ತೊಂಬತ್ತು ಜನ ಉದ್ಯಮಿಗಳಂತೆ. ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆ. ಬಟ್ಟೆ ಬೇರೆ, ಮುಖ ಬೇರೆ, ಹೆಚ್ಚಿನವುಗಳಲ್ಲಿ ಹಿಂದಿರುವ ಬಾಗಿಲು ಒಂದೇ. ಬಗದಲ್‌ನ ಒಬ್ಬ ಹೆಂಗಸಿನ ಅಂಗಡಿಯಲ್ಲಿ ಮೊಬೈಲ್ ರಿಪೇರಿ, ಹಿಟ್ಟಿನ ಗಿರಣಿ, ಬ್ಯೂಟಿ ಪಾರ್ಲರ್, ಕಂಬಳಿ ಕೇಂದ್ರ ಎಲ್ಲ ನಡೆಯುತ್ತಿವೆ.

ಭಾಲ್ಕಿ ಬಸ್ಸು ಹತ್ತಿ ಸಾಯಗಾಂವಕ್ಕೂ ಹೋಗಿ ಬಂದೆ. ಅಲ್ಲಿನ ದಿಲೀಪ ನಿಮ್ಮ ದಾಖಲೆಯಲ್ಲಿ ಮೊಬೈಲ್ ಅಂಗಡಿಯ ಮಾಲೀಕ. ಊರಲ್ಲಿ ಅವನು ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನನ್ನ ಜೊತೆ ಬಂದು ನಿಜ ಹೇಳು ಅಂದರೆ ಕೈ ಮುಗಿದ. “ಉದ್ಯಮಿ ಅಂತ ಕೊಟ್ಟ ಕಾರ್ಡ ತೋರ್ಸೇ ನನಗ ಹೆಣ್ಣ ಗೊತ್ತ ಮಾಡ್ಯಾರ. ಕೆಡಿಸಬ್ಯಾಡ” ಅಂದ. ಸುಳ್ಳನ್ನು ಮುರಿಯುವುದಿರಲಿ, ಅದನ್ನು ಉಳಿಸಿ ಎಂದು ಬೇಡುವ ಸ್ಥಿತಿಗೆ ಅವನನ್ನು ತಂದಿಟ್ಟಿದ್ದೀರಿ. ಅವನ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಆ ಸಿಟ್ಟೂ ನಿಮ್ಮ ಮೇಲೆಯೇ ಹೊರಳಿತು.

ಇನ್ನು ಕೊನೆಯದು. ಪ್ರತಿ ಹಾಳೆಯ ಕೆಳಗೆ ‘ಮನೆಗೆ ಖುದ್ದಾಗಿ ಭೇಟಿ ಕೊಟ್ಟು ಪರಿಶೀಲಿಸಿದ್ದೇನೆ’ ಎಂದು ಅಚ್ಚಾಗಿದೆ. ಅದರ ಕೆಳಗೆ ಸಹಿ ಇದೆ. ಅದು ಮಕರಂದ ಸರ್ ಅವರದ್ದಿರಬಹುದು, ಕೇಂದ್ರದ ನಿರ್ದೇಶಕರು ಅವರೇ ಅಲ್ಲವೇ ಎಂದುಕೊಂಡಿದ್ದೆ. ಇಪ್ಪತ್ತೊಂಬತ್ತಕ್ಕೂ ನಿಮ್ಮ ಸಹಿ. ನನ್ನ ಪ್ರಮಾಣಪತ್ರದ ಮೇಲಿನದ್ದೇ, ಅದೇ ಬಾಲ, ಅದೇ ಚುಕ್ಕೆ. ಜೂನ್‌ನಲ್ಲಿ ನೀವು ‘ನಮ್ಮ ಕೈಯಲ್ಲಿರುವುದಿಲ್ಲ’ ಎಂದು ಬರೆದಾಗ ಇದು ನಿಮಗೆ ಗೊತ್ತಿತ್ತು.

ಜಿಲ್ಲಾ ಅಧಿಕಾರಿಗಳಿಗೆ ದೂರು ಕೊಟ್ಟಿದ್ದೇನೆ. ವಿಚಾರಣೆಯ ದಿನ ತಿಳಿಸುತ್ತಾರಂತೆ.

ಸಿದ್ದೇಶ್ವರಿ ಧೊಂಡಿಬಾ


ಭಾಲ್ಕಿ
8 ಸೆಪ್ಟೆಂಬರ್ 2024

ಸಿದ್ದೇಶ್ವರಿ,

ನಿನ್ನ ದೂರು ಬಂದ ಮರುದಿನವೇ ಮಕರಂದ ಸರ್ ನನ್ನನ್ನು ರಜೆಯ ಮೇಲೆ ಕಳಿಸಿದರು. ಭಾಲ್ಕಿಯ ತವರು ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನಗೆ ಸಮಾಧಾನವಾಗಿರಬೇಕು.

ನೀನು ಬಹಳ ಪ್ರಶ್ನೆ ಕೇಳಿದ್ದೀ, ನಾನೂ ಒಂದು ಕೇಳುತ್ತೇನೆ. ತರಬೇತಿಯ ಕೊನೆಯ ದಿನ ‘ನಾನು ಸ್ವಂತ ಉದ್ಯಮ ಆರಂಭಿಸಿದ್ದೇನೆ’ ಎಂಬ ಘೋಷಣೆಗೆ ಸಹಿ ಹಾಕಿದವರು ಯಾರು? ಆ ಹಾಳೆಯ ನಕಲು ಈಗ ನನ್ನ ಮುಂದೆಯೇ ಇದೆ. ದುಂಡಗಿನ ಅಕ್ಷರ. ‘ನನಗೆ ಏನೇನೂ ಗೊತ್ತಿಲ್ಲ’ ಎಂದು ರಿಜಿಸ್ಟರ್ ಅಂಚೆಯಲ್ಲಿ ಬರೆದವಳ ಅಕ್ಷರವೂ ಇದೇ. ಬಗದಲ್‌ನಲ್ಲಿ ಆ ಬಾಗಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಮೇಡಂ, ಇನ್ನೊಂದು ತೆಗೀರಿ’ ಎಂದವಳು ನೀನೇ. ಆಗ ನೀನು ನಗುತ್ತಿದ್ದೆ.

ನಾನು ಹನ್ನೊಂದು ವರ್ಷದಿಂದ ಗುತ್ತಿಗೆಯ ನೌಕರಿಯಲ್ಲಿದ್ದೇನೆ. ನೂರರಲ್ಲಿ ತೊಂಬತ್ತು ಜನ ನೆಲೆಗೊಂಡರೆಂದು ತೋರಿಸದಿದ್ದರೆ ಮುಂದಿನ ಬ್ಯಾಚು ಬರುವುದಿಲ್ಲ. ಬ್ಯಾಚು ಬರದಿದ್ದರೆ ನಾನಿಲ್ಲ. ಆರು ತಿಂಗಳಲ್ಲಿ, ನಾಲ್ಕು ಗೋಡೆಯೊಳಗೆ, ಬರೀ ಮಾತು ಕಲಿಸಿ ಮೂವತ್ತೆರಡು ಉದ್ಯಮಿಗಳನ್ನು ಮಾಡಿ ಕೊಡಿ ಎಂದು ಕೂತವರು ನಾನಲ್ಲ. ಹಾಳೆ ತಂದಿಟ್ಟು ಸಹಿ ಹಾಕಿ ಎಂದವರು ಮಕರಂದ ಸರ್. ನಾನು ಹಾಕಿದೆ. ನಿನಗೆ ಹಾಕು ಎಂದೆ. ನೀನು ಹಾಕಿದೆ. ಇಬ್ಬರಲ್ಲಿ ಯಾರು ಯಾರಿಗಿಂತ ದೊಡ್ಡವರು?

ವಿಚಾರಣೆಗೆ ಹೋಗುವ ಮುನ್ನ ಯೋಚಿಸು. ಸುಳ್ಳು ಘೋಷಣೆ ಕೊಟ್ಟವರ ಪ್ರಮಾಣಪತ್ರ ರದ್ದಾಗುತ್ತದೆ. ನಾನು ಹೆದರಿಸುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಪ್ರಮಿಲಾ


ಡಾಬಕಾ
17 ಸೆಪ್ಟೆಂಬರ್ 2024

ಮೇಡಂ,

ನೀವು ಹೇಳಿದ್ದು ಹೌದು. ಸಹಿ ನನ್ನದೇ. ಮೊದಲ ಕಾಗದದಲ್ಲಿ ನಾನು ಅದನ್ನು ಮುಚ್ಚಿಟ್ಟೆ.

ಮುಚ್ಚಿಟ್ಟದ್ದು ಅಷ್ಟೇ ಅಲ್ಲ. ಆ ಫೋಟೋ ನೀವು ಗುಂಪಿಗೆ ಹಾಕಿದ ದಿನ ನಾನೇ ಅದನ್ನು ಸೋದರತ್ತೆಗೆ, ಸೋದರಮಾವನಿಗೆ, ಕಾಲೇಜಿನ ಗೆಳತಿಯರಿಗೆ ಕಳಿಸಿದ್ದೆ. ದುಕಾನ ಯಾರದು ಎಂದು ಕೇಳಿದವರಿಗೆ ಸುಮ್ಮನೆ ನಕ್ಕಿದ್ದೆ. ಕುರಿ ಹಿಂಡಿನ ಹಿಂದೆ ತಿರುಗಿದ ಹುಡುಗಿ ಗಾಜಿನ ಬಾಗಿಲ ಮುಂದೆ ನಿಂತಿದ್ದಳು, ನೋಡಲು ಚೆನ್ನಾಗಿತ್ತು. ಆರೇಳು ತಿಂಗಳು ಆ ಹುಡುಗಿಯನ್ನು ನಾನೂ ನಂಬಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಅಧಿಕಾರಿಗಳ ಮುಂದೆ ನೀವು ಹೇಳುವ ಮೊದಲು ನಾನೇ ಹೇಳಬೇಕೆಂದಿದ್ದೇನೆ. ಪ್ರಮಾಣಪತ್ರ ರದ್ದಾದರೆ ಆಗಲಿ. ಅದರಿಂದ ನನಗೆ ಬಂದ ಲಾಭ ಏನೆಂದು ನೀವೂ ನೋಡಿದ್ದೀರಿ.

ಆದರೆ ಇಬ್ಬರೂ ಒಂದೇ ಎಂದು ಮಾತ್ರ ಹೇಳಬೇಡಿ. ನನ್ನ ಮುಂದೆ ಹಾಳೆ ಇಟ್ಟವರು ನನ್ನ ಗುರುಗಳು. ಓದಲು ಹೊರಟಾಗ ನೀವು ಹಾಳೆಯ ಮೇಲೆ ಕೈಯಿಟ್ಟು, “ಬರೀ ಫಾರ್ಮಾಲಿಟಿ ಬೇಟಾ, ಜಲ್ದಿ ಮಾಡು, ಬಸ್ಸು ಹೋಗ್ತದ” ಎಂದಿರಿ. ಆ ಕೇಂದ್ರದಲ್ಲಿ ನಾನು ನಂಬಬೇಕಾದವರು ನೀವೊಬ್ಬರೇ ಇದ್ದಿರಿ. ನಿಮ್ಮ ಮುಂದೆ ಹಾಳೆ ಇಟ್ಟವರು ನಿಮ್ಮ ಮೇಲಿನವರು. ನಿಮಗೆ ಆಗ ನಲವತ್ತು ದಾಟಿತ್ತು.

ಅಕ್ಟೋಬರ್ ನಾಲ್ಕಕ್ಕೆ ಬೀದರಿನಲ್ಲಿ ವಿಚಾರಣೆ. ನಿಮಗೂ ನೋಟಿಸು ಬಂದಿರುತ್ತದೆ. ನಾನು ನನ್ನದನ್ನು ಹೇಳುತ್ತೇನೆ. ನಿಮ್ಮದನ್ನು ನೀವು ಹೇಳಿ.

ಸಿದ್ದೇಶ್ವರಿ ಧೊಂಡಿಬಾ


ಡಾಬಕಾ
9 ಅಕ್ಟೋಬರ್ 2024

ಪ್ರಮಿಲಾ ಅವರಿಗೆ,

ವಿಚಾರಣೆಯಲ್ಲಿ ನೀವೂ ಇದ್ದಿರಿ. ಆದರೂ ಬರೆಯುತ್ತಿದ್ದೇನೆ. ನೀವು ತಲೆ ಎತ್ತಲೇ ಇಲ್ಲ, ನಡೆದದ್ದು ನಿಮಗೆ ಕಾಣದೆ ಹೋಗಿರಬಹುದು.

ನಾನು ಸಹಿ ಹಾಕಿದ್ದನ್ನು ಒಪ್ಪಿಕೊಂಡೆ. ಅಧಿಕಾರಿಗಳು ನಿಮ್ಮ ಕಡೆ ತಿರುಗಿ, ಈ ಮನೆಗಳಿಗೆಲ್ಲ ಹೋಗಿ ನೋಡಿದ್ದು ನಿಜವೇ ಎಂದು ಕೇಳಿದರು. ಮಕರಂದ ಸರ್ ನಿಮ್ಮ ಪಕ್ಕದಲ್ಲಿದ್ದರು. ನೀವು “ಹೌದ್ರಿ” ಅಂದಿರಿ.

ಆಗ ಅಪ್ಪ ಬಾಗಿಲ ಹತ್ತಿರದಿಂದ ಎದ್ದು ಬಂದ. ಅವನು ಅಂಥ ಕಚೇರಿಯಲ್ಲಿ ಹಿಂದೆ ಎಂದೂ ಬಾಯಿ ತೆರೆದವನಲ್ಲ. ಚಪ್ಪಲಿಯನ್ನೂ ಹೊರಗೇ ಬಿಟ್ಟು ಬಂದಿದ್ದ. “ನಮ್ಮ ಮನಿಗಿ ಬಂದಿದ್ರಿ ಅಂದ್ರಲ್ರಿ ಅಕ್ಕೋರ. ನಮ್ಮ ಬಾಗಿಲ ಯಾ ದಿಕ್ಕಿಗಿ ಅದ, ಹೇಳ್ರಿ” ಎಂದು ಕೇಳಿದ. ನೀವು ಮೇಜಿನ ಮೇಲಿನ ಪೆನ್ನು ನೋಡುತ್ತ ಕೂತಿರಿ. ಅಧಿಕಾರಿಗಳೂ ಕಾದರು. ನೀವು ಒಂದು ದಿಕ್ಕನ್ನು ಊಹಿಸಿಯೂ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಮಕರಂದ ಸರ್ ನನ್ನನ್ನು ಬದಿಗೆ ಕರೆದರು. ನನ್ನೊಬ್ಬಳ ಹೆಸರನ್ನು ಸರಿ ಮಾಡಿಸುತ್ತಾರಂತೆ. ಕೇಂದ್ರದ ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಹೋದೆನೆಂದು ಬರೆದುಕೊಟ್ಟರೆ ಸಾಕಂತೆ. ಜನವರಿಯ ಸರದಿಗೆ ಹೋಗಬಹುದು, ಉಳಿದ ಇಪ್ಪತ್ತೆಂಟು ಹಾಗೇ ಇರಲಿ ಅಂದರು. ಒಂದು ಕ್ಷಣ ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, “ಒಂದ್ ಸುಳ್ಳಿನಿಂದ ಬಿಡಿಸ್ಕೊಳ್ಳಲಿಕ್ಕ ಇನ್ನೊಂದ್ ಸುಳ್ಳಿಗಿ ಸಹಿ ಹಾಕಂಗಿಲ್ರಿ” ಎಂದೆ. ನೀವು ಮೆಟ್ಟಿಲಿಳಿದು ಹೋಗುತ್ತಿದ್ದಿರಿ. ಕೇಳಿಸಿರಬೇಕು. ನಿಮ್ಮ ಕಾಲು ನಿಲ್ಲಲಿಲ್ಲ.

ಜನವರಿಯೂ ಹೋಗುತ್ತದೆ. ಹೋಗಲಿ. ನಿಮಗೆ ಇದು ನನ್ನ ಕೊನೆಯ ಕಾಗದ.

ಸಿದ್ದೇಶ್ವರಿ


ಭಾಲ್ಕಿ
10 ಡಿಸೆಂಬರ್ 2024

ಸಿದ್ದೇಶ್ವರಿ,

ಕೊನೆಯ ಕಾಗದ ಎಂದು ನೀನು ಬರೆದಿದ್ದೆ. ಅದಕ್ಕೆ ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯುವುದು ನಿನಗೆ ತಿಳಿಯಬೇಕಾದ್ದು.

ಅಕ್ಟೋಬರ್ ಇಪ್ಪತ್ತೊಂದಕ್ಕೆ ನಾನೊಬ್ಬಳೇ ಬೀದರಿಗೆ ಹೋಗಿ ಅಧಿಕಾರಿಗಳಿಗೆ ಹೇಳಿಕೆ ಬರೆದುಕೊಟ್ಟೆ. ಒಂದೇ ಒಂದು ಮನೆಗೂ ಹೋಗಿಲ್ಲ, ಇಪ್ಪತ್ತೊಂಬತ್ತು ಸಹಿಯೂ ಮೇಜಿನ ಮುಂದೆ ಕೂತು ಒಂದೇ ಮಧ್ಯಾಹ್ನ ಹಾಕಿದ್ದು, ನಾಲ್ಕನೇ ತಾರೀಖು ಹೇಳಿದ್ದು ಸುಳ್ಳು ಎಂದು ಬರೆದೆ. ನಿಮ್ಮ ತಂದೆಯ ಪ್ರಶ್ನೆಯ ಮುಂದೆ ನಾನು ಕೂತಿದ್ದನ್ನು ನನ್ನ ತಾಯಿಗೆ ಹೇಳಲಾಗಲಿಲ್ಲ. ಹದಿನೇಳು ದಿನ ಯಾರಿಗೂ ಹೇಳಲಾಗಲಿಲ್ಲ.

ನಿನಗೆ ಬರೆದ ಕಾಗದದಲ್ಲಿ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಮಕರಂದ ಸರ್ ಕೇಳಿದ್ದು ಸಂಖ್ಯೆ ಮತ್ತು ಸಹಿಯನ್ನು ಮಾತ್ರ. ಬಗದಲ್‌ಗೆ ಪ್ರವಾಸ ಹೋಗೋಣ, ಅಲ್ಲಿ ಫೋಟೋ ತೆಗೆದುಕೊಂಡರೆ ಆಯಿತು ಎಂದವಳು ನಾನೇ. ಬೋರ್ಡಿನ ಉಪಾಯವೂ ನನ್ನದೇ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಜಾಣತನ ಎಂದುಕೊಂಡಿದ್ದೆ.

ಅಧಿಕಾರಿಗಳು ಎಲ್ಲ ಮನೆಗಳಿಗೂ ಜನ ಕಳಿಸಿದರು. ನಿಜವಾಗಿ ಕೆಲಸ ಶುರು ಮಾಡಿದವರು ಮೂವರು. ಉಳಿದ ಇಪ್ಪತ್ತಾರು ಹೆಸರುಗಳ ಮುಂದೆ ಈಗ ‘ತರಬೇತಿ ಪೂರ್ಣ, ಉದ್ಯಮ ಇಲ್ಲ’ ಎಂದಿದೆ. ನಿನ್ನದೂ ಹಾಗೇ ಆಗಿದೆ, ಜನವರಿಗೆ ಅರ್ಜಿ ಹಾಕು. ಮಕರಂದ ಸರ್ ಮೇಲೆ ವಿಚಾರಣೆ ನಡೆದಿದೆ. ನನ್ನ ಗುತ್ತಿಗೆ ಮುಗಿಸಿದ್ದಾರೆ.

ಕೇಳಬಾರದು, ಆದರೂ ಕೇಳುತ್ತೇನೆ. ಇಲ್ಲೊಂದು ಶಾಲೆಯಲ್ಲಿ ಮಕ್ಕಳಿಗೆ ಧೈರ್ಯವಾಗಿ ಮಾತಾಡುವುದನ್ನು ಕಲಿಸಲು ಒಬ್ಬರು ಬೇಕಾಗಿದ್ದಾರೆ. ಹಿಂದೆ ಕಲಿತವರೊಬ್ಬರಿಂದ ಪತ್ರ ತನ್ನಿ ಅಂದಿದ್ದಾರೆ. ಆರೇಳು ಜನಕ್ಕೆ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ. ನಾನು ಚೆನ್ನಾಗಿ ಕಲಿಸುತ್ತಿದ್ದೆನೆಂದು ಒಂದು ಸಾಲು ಬರೆದುಕೊಡುತ್ತೀಯಾ?

ಪ್ರಮಿಲಾ


ಡಾಬಕಾ
6 ಜನವರಿ 2025

ಪ್ರಮಿಲಾ ಅವರಿಗೆ,

ನನಗೆ ಸೀಟು ಸಿಕ್ಕಿದೆ. ಹದಿನೈದಕ್ಕೆ ಹೊರಡುತ್ತೇನೆ. ಅವ್ವ ಚಂದ್ರಭಾಗಾ ರೊಟ್ಟಿಗೆ ಹಚ್ಚಿಕೊಳ್ಳಲು ಈಗಲೇ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ. ಈ ಸಲ ಕತ್ತರಿಸಿದ ಉಣ್ಣೆಯನ್ನು ಅಪ್ಪ ಹಳ್ಳಕ್ಕೆ ಹಾಕಿಲ್ಲ.

ದಿಲೀಪನಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಹೆಣ್ಣಿನ ಕಡೆಯವರು ದಾಖಲೆ ತೆಗೆಸಿ ನೋಡಿದರಂತೆ. ಅವನು ನಿಮ್ಮನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾನೆ. ನಾನು ಫೋನ್ ಮಾಡಿದರೆ ಕತ್ತರಿಸುತ್ತಾನೆ. ಅದು ನನ್ನ ಪಾಲಿಗೆ ಬಂದದ್ದು, ನಾನು ಹೊರುತ್ತೇನೆ. ಆದರೆ ನೀವು ಹೇಳಿಕೆ ಕೊಟ್ಟ ಮಾತ್ರಕ್ಕೆ ನನ್ನ ಸಿಟ್ಟು ಇಳಿದಿಲ್ಲ ಎಂಬುದು ನಿಮಗೆ ತಿಳಿದಿರಲಿ. ಜೂನ್‌ನಲ್ಲೇ ಒಂದು ಸಾಲು ನಿಜ ಬರೆದಿದ್ದರೆ ಸಾಕಾಗುತ್ತಿತ್ತು. ಅಪ್ಪ ಚಪ್ಪಲಿ ಬಿಟ್ಟು ಆ ಕೋಣೆಗೆ ಬರಬೇಕಾಗಿರಲಿಲ್ಲ.

ನೀವು ಕೇಳಿದ ಪತ್ರ ಕೆಳಗಿದೆ. ಒಂದು ಸಾಲು ಕೇಳಿದ್ದಿರಿ, ಒಂದೇ ಸಾಲು ಬರೆದರೆ ನಾನೂ ನಿಮ್ಮಂತೆ ಆಗುತ್ತೇನೆ. ಶಾಲೆಗೆ ಕೊಟ್ಟರೆ ಪೂರ್ತಿ ಕೊಡಿ. ಒಂದು ಮಾತು ಅಳಿಸುವುದಾದರೆ ಹರಿದು ಹಾಕಿ.

‘ಸಂಬಂಧಪಟ್ಟವರಿಗೆ. ಪ್ರಮಿಲಾ ಅವರು ನನಗೆ ಆರು ತಿಂಗಳು ಕಲಿಸಿದ್ದಾರೆ. ಗಂಡಸರ ಮುಂದೆ ಬಾಯಿ ತೆರೆಯದ ನನ್ನ ಗೆಳತಿ ಸ್ನೇಹಲಳನ್ನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಕರೆದೊಯ್ದು, ಅವಳು ತಾನಾಗಿ ವ್ಯಾಪಾರಿಯ ಜೊತೆ ಮಾತಾಡುವ ತನಕ ಎರಡು ತಾಸು ಬಿಸಿಲಲ್ಲಿ ಅವಳ ಪಕ್ಕದಲ್ಲಿ ನಿಂತಿದ್ದರು. ಒಮ್ಮೆಯೂ ಅವಳ ಬದಲು ತಾವು ಮಾತಾಡಲಿಲ್ಲ. ಇದೇ ಪ್ರಮಿಲಾ ಅವರು ಇಪ್ಪತ್ತಾರು ಇಲ್ಲದ ಅಂಗಡಿಗಳನ್ನು ನೋಡಿದ್ದೇನೆಂದು ಸಹಿ ಹಾಕಿದರು. ವಿಚಾರಣೆಯಲ್ಲಿ ಸುಳ್ಳು ಹೇಳಿದರು. ಆಮೇಲೆ ಯಾರೂ ಕರೆಯದಿದ್ದರೂ ತಾವೇ ಹೋಗಿ ನಿಜ ಬರೆದುಕೊಟ್ಟು ನೌಕರಿ ಕಳೆದುಕೊಂಡರು. ಮಕ್ಕಳಿಗೆ ಮಾತು ಕಲಿಸುವ ಕೆಲಸವನ್ನು ಇವರಿಗೆ ಕೊಡಬಹುದು. ಸಹಿ ಹಾಕುವ ಕೆಲಸವನ್ನು ಕೊಡಬಾರದು.’

ಸಿದ್ದೇಶ್ವರಿ